ಅಕ್ಕ ಒಪ್ಪಿಕೊಂಡಿದ್ದಾರೆ

"ಅಕ್ಕ ಒಪ್ಪಿಕೊಂಡಿದ್ದಾರೆ: ಸೊಂಟನೋವು."

ಫೋನಿನ ಮೇಲೆ ಇಷ್ಟೇ ಬರೆದಿತ್ತು. ಬುಧವಾರ ಬೆಳಿಗ್ಗೆ ಹನ್ನೊಂದೂ ಕಾಲು, ಒಂಬತ್ತು ಮಹಡಿ ಕಟ್ಟಡದ ನೆತ್ತಿ ಮೇಲಿನ ಮಷೀನ್ ರೂಮು. ಅವನು ಒಂದು ಕೈಲಿ ಟಾರ್ಚು, ಇನ್ನೊಂದು ಕೈಲಿ ಗ್ರೀಸು ಮೆತ್ತಿದ ಬಟ್ಟೆ ಹಿಡ್ಕೊಂಡು ಲಿಫ್ಟಿನ ಉಕ್ಕಿನ ಹಗ್ಗದಲ್ಲಿ ಎಷ್ಟು ಎಳೆ ಹರಿದಿದೆ ಅಂತ ಎಣಿಸ್ತಾ ಇದ್ದ. ಏಳೋ ಎಂಟೋ ಅನ್ನೋ ಹೊತ್ತಿಗೆ ಜೇಬಲ್ಲಿ ಫೋನು ನಡುಗಿ ಲೆಕ್ಕ ತಪ್ತು. ಅಕ್ಕನಿಗೆ ಯಾವಾಗ ಸೊಂಟನೋವು ಬಂತು, ಬಂದ್ರೂ ಅದನ್ನ ಒಪ್ಕೊಳ್ಳೋದು ಅಂದ್ರೇನು, ಒಪ್ಪದೇ ಹೋದ್ರೆ ಅದು ವಾಪಸ್ ಹೋಗುತ್ತಾ ಅಂತ ಯೋಚಿಸ್ತಾ ಇರೋವಾಗ್ಲೇ ಇನ್ನೊಂದ್ಸಲ ನಡುಗ್ತು. "ಅಕ್ಕ ಒಪ್ಪಿಕೊಂಡಿದ್ದಾರೆ: ನೆಗಡಿ, ಗಂಟಲೂ ಸೇರಿ." ಆಗ ಹೊಳೀತು. ಆ ಸೊಂಟ ಅಕ್ಕಂದಲ್ಲ, ಅವನದು. ಸೊಂಟ ಅವನದೇ, ನೋವು ಮಾತ್ರ ಯಾರದ್ದೂ ಅಲ್ಲ.

ಇದನ್ನ ಬಿಡಿಸಿ ಹೇಳ್ಲೇಬೇಕು. ಅವನು ಲಿಫ್ಟ್ ತಪಾಸಣೆ ಮಾಡೋನು, ವಯಸ್ಸು ಐವತ್ತೆಂಟು, ಕೆಲಸದಲ್ಲಿ ಮಹಾ ಅಚ್ಚುಕಟ್ಟು. ಲಿಫ್ಟು ಬಂದು ನಿಂತಾಗ ಅದರ ನೆಲಕ್ಕೂ ಹೊರಗಿನ ಹೊಸ್ತಿಲಿಗೂ ಎಷ್ಟು ಎತ್ತರ ತಗ್ಗು ಅಂತ ಜೇಬಿಂದ ಉಕ್ಕಿನ ಸ್ಕೇಲು ತೆಗೆದು ಬಗ್ಗಿ ಅಳೀತಿದ್ದ. ಬಂಧುಗಳ ಮನೆಗೆ ಹೋದಾಗ್ಲೂ ಅಳೀತಿದ್ದ, ಅದಕ್ಕೇ ಆಫೀಸಲ್ಲಿ ಅವನಿಗೆ ಹೊಸ್ತಿಲಪ್ಪ ಅಂತ ಹೆಸರು. ಅಷ್ಟು ಅಚ್ಚುಕಟ್ಟಾದ ಮನುಷ್ಯ ಸುಳ್ಳಲ್ಲಿ ಮಾತ್ರ ಹೇಗೆ ಅಡ್ಡಾದಿಡ್ಡಿ ಆಗ್ತಾನೆ? ಆಗಲ್ಲ. ಜನ ಕರೆದ ಕಡೆಗೆ ಹೋಗದೇ ಇರಕ್ಕೆ ಅವನು ಹೇಳೋ ನೆಪಗಳಿಗೆಲ್ಲ ಒಂದು ಪಟ್ಟಿ ಇಟ್ಟಿದ್ದ. ಮೊದಲು ಡೈರಿಲಿ ಇತ್ತು, ಆಮೇಲೆ ಟಿಪ್ಪಣಿ ಬರೆಯೋ ಆ್ಯಪು ಬಂದ್ಮೇಲೆ ಅದಕ್ಕೇರಿಸ್ದ. ಪುಟದ ಹೆಸರು "ದುರಸ್ತಿ", ಯಾರಾದ್ರೂ ಭುಜದ ಮೇಲಿಂದ ಇಣುಕಿದ್ರೆ ಕೆಲಸದ್ದು ಅನ್ಕೊಳ್ಳಲಿ ಅಂತ. ಯಾರಿಗೆ, ಯಾವತ್ತು, ಎಷ್ಟು ಗಂಟೆಗೆ, ಏನು ಹೇಳಿದ್ದು. ಕೊನೆ ಕಾಲಮ್ಮು ಲಿಫ್ಟಿನ ಫಾರಮ್ಮಿಂದ ಕದ್ದದ್ದು: "ಮುಂದಿನ ತಪಾಸಣೆ". ಅಂದ್ರೆ ಅದೇ ನೆಪ ಅದೇ ಮನುಷ್ಯರಿಗೆ ಮತ್ತೆ ಯಾವಾಗ ಹೇಳಬಹುದು ಅನ್ನೋ ತಾರೀಕು, ಆರು ತಿಂಗಳ ಅಂತರ. ಪಟ್ಟಿಲಿ ಅಕ್ಕನ ಹೆಸರು ಹಾಕೋವಾಗ ಈಮೇಲಲ್ಲಿ ಬರುತ್ತಲ್ಲ, ಆ ಸುಳಿ ಸುತ್ತಿದ @ ಗುರುತು ಒತ್ತಿದ್ರೆ ಅವಳ ಸಣ್ಣ ಫೋಟೋ ತಾನಾಗೇ ಬಂದು ಕೂರ್ತಿತ್ತು. ಅದು ಅವನಿಗೆ ಇಷ್ಟ. ಹತ್ತು ಸಾಲಲ್ಲಿ ಹತ್ತು ಅಕ್ಕಂದಿರು ಸಾಲಾಗಿ ನಗ್ತಾ ಇರೋರು. ಫೋಟೋ ಹಿಂದೆ ಅವಳ ಈಮೇಲೂ ಬಂದು ಕೂತಿರುತ್ತೆ ಅನ್ನೋದು ಅವನ ತಲೆಗೆ ಹೋಗಿರಲಿಲ್ಲ.

ಎಲ್ಲಾ ಶುರುವಾದದ್ದು ಆವತ್ತು ಬೆಳಿಗ್ಗೆ ಒಂಬತ್ತಕ್ಕೆ. ಆಫೀಸಿನ ಮ್ಯಾನೇಜರಮ್ಮ, ಇವನಿಗಿಂತ ಇಪ್ಪತ್ತು ವರ್ಷ ಚಿಕ್ಕೋಳು, ಯಾರ ಮೇಲೂ ದನಿ ಎತ್ತದೇ ಎಲ್ಲರನ್ನೂ ಎದ್ದು ನಿಲ್ಲಿಸೋಳು, ಒಂದು ತಿಂಗಳಿಂದ ಹೇಳ್ತಾನೇ ಇದ್ಲು, ಎಲ್ಲರೂ ನಿಮ್ಮ ಈಮೇಲ್ ಕ್ಯಾಲೆಂಡರನ್ನೂ ಆ ಟಿಪ್ಪಣಿ ಆ್ಯಪನ್ನೂ ಸಿಂಕ್ ಮಾಡ್ಕೊಳ್ಳಿ, ಯಾರು ಯಾವ ಕಟ್ಟಡದಲ್ಲಿದೀರಿ ಅಂತ ನಂಗೆ ಒಂದೇ ಕಡೆ ಕಾಣ್ಬೇಕು ಅಂತ. ಸಿಂಕ್ ಅಂದ್ರೆ ಅವನಿಗೆ ಗೊತ್ತಿದ್ದದ್ದು ಪಾತ್ರೆ ತೊಳೆಯೋ ಸಿಂಕು ಒಂದೇ. ಅದನ್ನ ಜೋಕು ಅಂತ ಮೀಟಿಂಗಲ್ಲಿ ಹೇಳಿ, ಯಾರೂ ನಗದೇ ಇದ್ದಾಗ ತಾನೇ ಒಂದು ಸಲ ನಕ್ಕು, ಕೆಮ್ಮಿ, ನೀರು ಕುಡಿದಿದ್ದ. ಆ ನಗೂನ ಮರೆಸಕ್ಕೆ ಅಂತ್ಲೇ ಇವತ್ತು ಎಲ್ಲರಿಗಿಂತ ಮೊದಲು ಕೂತು ಮಾಡಿಬಿಡೋಣ ಅಂತ ಹೊರಟ. ಫೋನಿನ ಭಾಷೆ ಕನ್ನಡಕ್ಕೆ ಹಾಕ್ಕೊಂಡಿದ್ದ, ಅದೊಂದು ಹೆಮ್ಮೆ. ಫೋನು ಕೋರ್ಟಿನ ಗುಮಾಸ್ತರ ಥರ ಕೇಳ್ತು: ದಿನಾಂಕವುಳ್ಳ ಪುಟಗಳನ್ನು ತಾಳೆ ಮಾಡಲೇ, ಎಲ್ಲವನ್ನೂ, ಅಥವಾ ಆಯ್ದವು ಮಾತ್ರ? ಎಲ್ಲವನ್ನೂ ಅಂತ ಒತ್ತಿದ, ಧಾರಾಳವಾಗಿ. ಉಲ್ಲೇಖಿತ ವ್ಯಕ್ತಿಗಳನ್ನು ಆಹ್ವಾನಿಸಲೇ? ಉಲ್ಲೇಖಿತ ಅನ್ನೋ ಪದ ಓದಿದಾಗ ಯಾರೋ ದೊಡ್ಡ ಮನುಷ್ಯರಿರಬೇಕು ಅನ್ಸಿ, ಆಯ್ತು ಕರೀರಿ, ನಮ್ಮಪ್ಪಂದೇನು ಗಂಟು ಹೋಗುತ್ತೆ ಅಂತ ಅದನ್ನೂ ಒತ್ತಿದ. ಒಂದು ಸಣ್ಣ ಚಕ್ರ ತಿರುಗ್ತು. ತಾಳೆಯಾಯಿತು, ಅಂತು. ಎರಡು ವರ್ಷದಿಂದ ಯಾವ ಕೆಲಸಾನೂ ಅಷ್ಟು ಸಲೀಸಾಗಿ ಆಗಿರಲಿಲ್ಲ ಅವನ ಕೈಲಿ. ಖುಷಿಗೆ ಒಂದು ಟೀ ಕುಡಿದ.

ಮಷೀನ್ ರೂಮಿನ ಕಬ್ಬಿಣದ ಮೆಟ್ಟಿಲ ಮೇಲೆ ಕೂತ್ಕೊಂಡು ಅವನು ಫೋನನ್ನ ನೋಡ್ದ, ಫೋನು ಅವನನ್ನ ನೋಡ್ತು. ಅಕ್ಕ ಒಪ್ಪಿಕೊಂಡಿದ್ದಾರೆ: ನೆಂಟರು ಬಂದಿದ್ದಾರೆ. ಅಕ್ಕ ಒಪ್ಪಿಕೊಂಡಿದ್ದಾರೆ: ಕಾಲು ಉಳುಕು, ಬಲ. ಹೀಗೇ ಒಂದರ ಹಿಂದೊಂದು ಎಂಟಾಯ್ತು. ಅಳಿಸಕ್ಕೆ ಹೋದ. ಅಳಿಸಿದ್ರೆ "ರದ್ದಾಗಿದೆಯೆಂದು ಎಲ್ಲರಿಗೂ ತಿಳಿಸಲೇ" ಅಂತ ಕೇಳ್ತು. ಉಳುಕು ರದ್ದಾಗಿದೆ ಅಂತ ಹೋಗಿ ಅಕ್ಕನಿಗೆ ಹೇಳೋದಾ? ಕೈ ಬಿಟ್ಟ. ಆ ಹೊತ್ತಿಗೆ ಮ್ಯಾನೇಜರಮ್ಮನ ಮೆಸೇಜು ಬಂತು. ಅವಳ ಹೆಸರಲ್ಲಿ ಇದ್ದದ್ದು ಎರಡೇ ಸಾಲು, ಎರಡರಲ್ಲೂ ಚಿಕ್ಕಪ್ಪ ತೀರಿಕೊಂಡಿದ್ರು, ಎಂಟು ತಿಂಗಳ ಅಂತರದಲ್ಲಿ. ಅವಳು ಬೈದಿರಲಿಲ್ಲ. ನಿಮ್ಮ ಚಿಕ್ಕಪ್ಪನವರಿಗೆ ಎರಡನೇ ಸಲವೂ ನನ್ನ ಸಂತಾಪ, ಒಂಬತ್ತು ಮಹಡಿ ಕಟ್ಟಡದ ವರದಿ ಸಂಜೆಯೊಳಗೆ ಕಳಿಸಿ, ಅಂತ ಬರೆದಿದ್ಲು. ಅದನ್ನ ಓದ್ತಾ ಅವನಿಗೆ ಮುಖ ಬೆಚ್ಚಗಾಯ್ತು. ಆದ್ರೂ ಒಳಗೊಳಗೇ ಒಂದು ವಾದ ಹುಟ್ಕೊಳ್ತು, ಚಿಕ್ಕಪ್ಪಂದಿರು ಇಬ್ಬರು ಇರಬಾರದಾ, ಎಷ್ಟು ಮನೇಲಿ ನಾಲ್ಕು ನಾಲ್ಕು ಚಿಕ್ಕಪ್ಪಂದಿರಿಲ್ಲ, ನಾನು ಯಾವ ಚಿಕ್ಕಪ್ಪ ಅಂತ ಎಲ್ಲಿ ಹೇಳಿದೀನಿ. ಪಟ್ಟಿ ತೆಗೆದು ನೋಡ್ದ. "ಅದೇ ಚಿಕ್ಕಪ್ಪ, ಆದರೆ ಅವಳಿಗೆ ನೆನಪಿರಲ್ಲ" ಅಂತ ತಾನೇ ಬರೆದಿಟ್ಟಿದ್ದ. ಅಚ್ಚುಕಟ್ಟು ನೋಡಿ, ಅದು ಮನುಷ್ಯನನ್ನ ಉಳಿಸಲ್ಲ.

ಅಕ್ಕನ ವಿಷಯ ಬೇರೆ. ಅಕ್ಕ ಮೂವತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜಲ್ಲಿ ಆಪರೇಟರ್ ಆಗಿದ್ದೋಳು, ಕಿವಿಗೆ ತಗಡಿನ ಬಟ್ಟಲು ಸಿಗಿಸ್ಕೊಂಡು ಊರಿನ ಮಾತನ್ನೆಲ್ಲ ಈ ತೂತಿಂದ ಆ ತೂತಿಗೆ ದಾಟಿಸಿದೋಳು. ಉಸಿರು ಕೇಳಿನೇ ಸುಳ್ಳು ಹಿಡೀತಾಳೆ ಅಂತ ಮನೆಯವರೆಲ್ಲ ಹೇಳೋರು. ಹಾಗಾದ್ರೆ ಇಷ್ಟು ದಿನ ನನ್ನ ಉಸಿರು ಅವಳಿಗೆ ಏನಂತ ಕೇಳಿಸ್ತಿತ್ತು? ಈ ಪ್ರಶ್ನೆ ಅವನಿಗೆ ಇಷ್ಟು ವರ್ಷದಲ್ಲಿ ಒಂದ್ಸಲಾನೂ ಬಂದಿರಲಿಲ್ಲ, ಈಗ ಹರಿದ ಹಗ್ಗದ ಮುಂದೆ ಬಂತು. ಅವಳ ಕತ್ತಲ್ಲಿ, ಕಿವಿ ಕೆಳಗೆ, ಹುಣಿಸೆಬೀಜದಷ್ಟು ಒಂದು ಗಂಟು ಎದ್ದಿತ್ತು. ಸೂಜಿ ಹಾಕಿ ಅದರ ಚೂರು ತೆಗೆದು ಪರೀಕ್ಷೆಗೆ ಕಳಿಸಿದ್ರು. ಭಾನುವಾರ ಫೋನು ಮಾಡಿ, ಗುರುವಾರ ಹತ್ತೂವರೆಗೆ ವರದಿ ಹೇಳ್ತಾರಂತೆ, ಒಬ್ಳೇ ಹೋಗಬಹುದು, ನೀನು ಬಂದ್ರೆ ಬಾ ಅಂದಿದ್ಲು. ಅಕ್ಕ ಯಾವುದನ್ನೂ ಎರಡನೇ ಸಲ ಕೇಳೋಳಲ್ಲ. ನೋಡ್ತೀನಿ ಅಂದಿದ್ದ. ಅಂದು, ಸ್ವಲ್ಪ ಹೊತ್ತು ಬಿಟ್ಟು, ಯಾಕೋ ಎಡಗಡೆ ಹಲ್ಲು ಜುಂ ಅಂತಿದೆ ಅಂತ ಕೂಡ ಅಂದಿದ್ದ. ನೆಪಕ್ಕೂ ಬುನಾದಿ ಬೇಕು, ಭಾನುವಾರ ತೋಡಿದ್ರೆ ಗುರುವಾರ ನಿಲ್ಲುತ್ತೆ. ಫೋನಿಟ್ಟ ತಕ್ಷಣ ಪಟ್ಟಿಲಿ ಬರೆದ: ಗುರುವಾರ, ಹತ್ತೂವರೆ, ಅಕ್ಕ, ಹಲ್ಲುನೋವು, ಎಡ ದವಡೆ ಕೆಳಗೆ, ಬಲ ಅಂತ ಬಾಯಿ ತಪ್ಪಬೇಡ. ಫೋನು ನಡುಗ್ತು. "ಅಕ್ಕ ಒಪ್ಪಿಕೊಂಡಿದ್ದಾರೆ: ಹಲ್ಲುನೋವು, ಎಡ ದವಡೆ ಕೆಳಗೆ, ಬಲ ಅಂತ ಬಾಯಿ ತಪ್ಪಬೇಡ."

ಅದಾದ್ಮೇಲೆ ಫೋನು ಸುಮ್ಮನಾಯ್ತು. ಅವನು ಎಣಿಸಿದ. ಅಕ್ಕನ ಸಾಲು ಹತ್ತು, ಒಪ್ಕೊಂಡದ್ದು ಒಂಬತ್ತು. ಉಳಿದದ್ದು ಪಟ್ಟಿಯ ಮೊದಲನೇ ಸಾಲು, ನಾಲ್ಕು ವರ್ಷದ ಹಿಂದಿನದ್ದು. ಅದನ್ನ ಅವನು ಮತ್ತೆ ಬಳಸಿರಲಿಲ್ಲ, ಮುಂದಿನ ತಪಾಸಣೆ ಅನ್ನೋ ಜಾಗ ಖಾಲಿ ಬಿಟ್ಟಿದ್ದ. "ಲಿಫ್ಟು ನಿಂತಿದೆ, ಒಳಗೆ ಮೂರು ಜನ ಸಿಕ್ಕಿಕೊಂಡಿದ್ದಾರೆ." ಅವತ್ತು ಅಮ್ಮ ಆಸ್ಪತ್ರೆಯ ನಾಲ್ಕನೇ ಮಹಡಿಲಿದ್ಲು, ಉಸಿರಿಗೆ ಕೊಳವೆ ಹಾಕಿದ್ರು, ಅಕ್ಕ ಮೂರು ದಿನದಿಂದ ಪಕ್ಕದಲ್ಲಿದ್ಲು. ಈಗ ಬಂದ್ಬಿಡು ಅಂತ ಫೋನು ಮಾಡಿದಾಗ ಅವನು ಆಗಲೇ ಆಸ್ಪತ್ರೆಗೆ ಬಂದಿದ್ದ. ಕೆಳಗೆ, ಲಿಫ್ಟಿನ ಎದುರು, ನೀಲಿ ಪ್ಲಾಸ್ಟಿಕ್ ಬೆಂಚಿನ ಮೇಲೆ ಕೂತಿದ್ದ. ಏಳಕ್ಕೆ ಆಗ್ತಿರಲಿಲ್ಲ. ಕಾಲಿಗೇನೂ ಆಗಿರಲಿಲ್ಲ, ಅಲ್ಲಿಂದ ಲಿಫ್ಟಿಗೆ ಎಂಟು ಹೆಜ್ಜೆ, ಆ ಎಂಟರಲ್ಲಿ ಮೊದಲನೇದು ಬರ್ತಿರಲಿಲ್ಲ ಅಷ್ಟೇ. ಕೂತಲ್ಲಿಂದಲೇ ಫೋನಲ್ಲಿ ಹೇಳ್ದ, ಕೆಲಸಕ್ಕೆ ಬಂದ ಕಟ್ಟಡದಲ್ಲಿ ಲಿಫ್ಟು ನಿಂತಿದೆ, ಒಳಗೆ ಮೂರು ಜನ ಇದಾರೆ, ಬಿಟ್ಟು ಬರಕ್ಕಾಗಲ್ಲ. ಪಾಪ, ಅವರನ್ನ ನೋಡ್ಕೋ, ಅಂದ್ಲು ಅಕ್ಕ. ಅವನು ನೋಡ್ಕೊಂಡ. ಎರಡು ಗಂಟೆ ನಲವತ್ತು ನಿಮಿಷ ಆ ಆಸ್ಪತ್ರೆಯ ಲಿಫ್ಟು ಬರೋದು ಹೋಗೋದು ನೋಡ್ಕೊಂಡ. ಪ್ರತಿಸಲ ಅರ್ಧ ಬೆರಳು ತಗ್ಗಿಗೆ ನಿಲ್ತಿತ್ತು. ತಳ್ಳುಗಾಡಿ ಹೊರಗೆ ತರೋವಾಗ ಚಕ್ರ ಹೊಸ್ತಿಲಿಗೆ ಬಡಿದು ಮಲಗಿದ್ದವರ ತಲೆ ಅಲ್ಲಾಡ್ತಿತ್ತು. ಇದನ್ನ ಯಾರು ಪಾಸು ಮಾಡಿದಾರೆ ಅಂತ ಅವನಿಗೆ ನಿಜವಾಗ್ಲೂ ಸಿಟ್ಟು ಬಂದಿತ್ತು. ಆಮೇಲೆ ಅಕ್ಕ ಮತ್ತೆ ಫೋನು ಮಾಡಿ, ಇನ್ನೇನೂ ಆತುರ ಇಲ್ಲ, ನಿಧಾನಕ್ಕೆ ಬಾ ಅಂದಾಗ ಎದ್ದ. ಎದ್ದೋನು ನೆಟ್ಟಗೆ ಮೇಲೆ ಹೋದ್ನಾ, ಇಲ್ಲ. ಚೀಲದಿಂದ ಗ್ರೀಸಿನ ಡಬ್ಬಿ ತೆಗೆದು ಎರಡೂ ಅಂಗೈಗೆ, ಅಂಗಿ ತೋಳಿಗೆ ಸ್ವಲ್ಪ ಸ್ವಲ್ಪ ಹಚ್ಕೊಂಡು ಹೋದ. ಅಕ್ಕ ಅಮ್ಮನ ಮುಖ ಒರೆಸಿದ್ದ ಒದ್ದೆ ಬಟ್ಟೆಲೇ ಅವನ ಕೈ ಹಿಡಿದು ಬೆರಳು ಬೆರಳಾಗಿ ಒರೆಸಿದ್ಲು. ಬಿಡುಗಡೆ ಆದ್ರಾ ಅವರು, ಅಂತ ಕೇಳಿದ್ಲು. ಆದ್ರು, ಅಂದಿದ್ದ.

ಸಂಜೆ ಮನೇಲಿ ಹೆಂಡತಿ ಅಡುಗೆಮನೆ ಟೇಬಲ್ಲಿನ ಮುಂದೆ ಕನ್ನಡಕ ಹಾಕ್ಕೊಂಡು ಕೂತಿದ್ಲು. ಶಾಲೇಲಿ ಗಣಿತ ಹೇಳಿಕೊಡೋಳು, ಪಟ್ಟಿ ಕಂಡ್ರೆ ಬಿಡೋಳಲ್ಲ. ಅವಳಿಗೂ ಮೂರು ಆಹ್ವಾನ ಹೋಗಿತ್ತು. ಅವನು ಬಾಗಿಲಲ್ಲೇ ನಿಂತು ಬೈಗುಳಕ್ಕೆ ತಯಾರಾದ, ಬೈಗುಳ ಬರಲಿಲ್ಲ, ಬಂದದ್ದು ತಿದ್ದಿದ ಉತ್ತರಪತ್ರಿಕೆ. ನಿನ್ನ ನಿಯಮ ಆರು ತಿಂಗಳು, ಸರಿ ತಾನೇ, ಹಾಗಿದ್ರೆ ನನ್ನ ತಮ್ಮನ ಮನೆ ಗೃಹಪ್ರವೇಶಕ್ಕೆ ತಲೆನೋವು, ನಾಲ್ಕೇ ತಿಂಗಳಿಗೆ ನನ್ನ ಶಾಲೆಯ ಕಾರ್ಯಕ್ರಮಕ್ಕೆ ಮತ್ತೆ ತಲೆನೋವು, ನನ್ನ ವಿಷಯಕ್ಕೆ ಬಂದ್ರೆ ನಿಂಗೆ ಲೆಕ್ಕಾನೂ ಬೇಡ, ಅಂತ ಕೇಳಿದ್ಲು. ಎರಡನೇದು ನಿಜವಾದ ತಲೆನೋವು ಅಂತ ಅವನಿಗೆ ಹೇಳಬೇಕು ಅನ್ಸ್ತು, ನಿಜವಾಗಿಯೂ ಅದು ನಿಜವಾದದ್ದೇ ಆಗಿತ್ತು, ಆದ್ರೆ ಪಟ್ಟಿಲಿ ಯಾಕೆ ಬರೆದೆ ಅಂತ ಕೇಳಿದ್ರೆ? ಅಭ್ಯಾಸ ತಪ್ಪಬಾರದು ಅಂತ ಬರೆದಿದ್ದ. ನಾಳೆ ಅಕ್ಕನ ಜೊತೆ ಹೋಗ್ತಿದೀಯಾ, ಅಂತ ಕೇಳಿ ಅವಳು ಕನ್ನಡಕ ತೆಗೆದಿಟ್ಲು. ಅವನು ಬಾಯಿ ತೆಗೆಯೋ ಮೊದಲೇ ಜೇಬು ನಡುಗ್ತು. ಟೇಬಲ್ಲಿನ ಮೇಲೆ ಇಟ್ಟು ಇಬ್ಬರೂ ಬಗ್ಗಿ ಓದಿದ್ರು. "ಲಿಫ್ಟು ನಿಂತಿದೆ, ಒಳಗೆ ಮೂರು ಜನ ಸಿಕ್ಕಿಕೊಂಡಿದ್ದಾರೆ. ಅಕ್ಕ ಹೊಸ ಸಮಯ ಸೂಚಿಸಿದ್ದಾರೆ: ನಾಳೆ, ಹತ್ತೂವರೆ." ಇದೇನು ಅಂತ ಹೆಂಡತಿ ಕೇಳಿದ್ಲು. ಹೇಳಕ್ಕೆ ಶುರು ಮಾಡ್ದ. ಗ್ರೀಸಿನ ಡಬ್ಬಿವರೆಗೆ ಹೇಳಿ ನಿಲ್ಲಿಸ್ದ. ಅವಳು ಎದ್ದು ಹೋಗಿ ಸಿಂಕಲ್ಲಿ ಪಾತ್ರೆ ತೊಳೆಯಕ್ಕೆ ನಿಂತ್ಲು, ಬಹಳ ಹೊತ್ತು ಒಂದೇ ತಟ್ಟೆ ತೊಳೀತಾ ಇದ್ಲು.

ಗುರುವಾರ ಬೆಳಿಗ್ಗೆ ಎದ್ದಾಗ ಅವನ ಎಡ ದವಡೆ ನೋಯ್ತಿತ್ತು. ತಮಾಷೆ ಅಲ್ಲ. ಕೆಳಗೆ, ಕೊನೆಗಿಂತ ಒಂದು ಈಚೆ ಹಲ್ಲು, ನಾಲಿಗೆ ತಾಗಿದ್ರೆ ಕಿವಿವರೆಗೆ ಸಿಡಿಯೋದು. ಕನ್ನಡಿ ಮುಂದೆ ಬಾಯಿ ಅಗಲಿಸಿ ಟಾರ್ಚು ಬಿಟ್ಟು ನೋಡ್ದ, ಸ್ವಲ್ಪ ಊದಿಯೂ ಇತ್ತು. ಅವನಿಗೆ ಮೊದಲು ಆದದ್ದು ಒಂದು ಥರ ಹೆಮ್ಮೆ, ಎಡ ಅಂತ ಬರೆದಿದ್ದೆ, ಎಡಾನೇ ಬಂದಿದೆ. ಆಮೇಲೆ ಭಯ, ಯಾಕಂದ್ರೆ ಈ ಪ್ರಪಂಚದಲ್ಲಿ ಈ ನೋವನ್ನ ನಂಬೋ ಮನುಷ್ಯರು ಒಬ್ಬರೂ ಉಳಿದಿರಲಿಲ್ಲ. ಹೆಂಡತಿಗೆ ಹೇಳ್ದ. ಅವಳು ಚಪ್ಪಲಿ ಹಾಕ್ಕೊಳ್ತಾ, ಆಸ್ಪತ್ರೆಲಿ ಹಲ್ಲಿನ ಡಾಕ್ಟರೂ ಇರ್ತಾರೆ ಅಂದು ಶಾಲೆಗೆ ಹೋದ್ಲು. ಬಸ್ಸಲ್ಲಿ ಕೆನ್ನೆ ಹಿಡ್ಕೊಂಡು ಕೂತಾಗ ಎದುರು ಸೀಟಿನ ಹೆಂಗಸು ಅಯ್ಯೋ ಪಾಪ ಅನ್ನೋ ಥರ ನೋಡಿದ್ಲು. ಅವನಿಗೆ ಅವಳ ಹತ್ತಿರ ಹೋಗಿ, ಸುಮ್ನೆ ಮೋಸ ಹೋಗಬೇಡಿ ತಾಯಿ, ನಂದೊಂದು ಪಟ್ಟಿ ಇದೆ ಅಂತ ಹೇಳಬೇಕು ಅನ್ನಿಸ್ತು. ಎರಡು ಸ್ಟಾಪು ಮೊದಲೇ ಇಳಿದ. ನಡೆದುಕೊಂಡು ಹೋದ್ರೆ ತಡ ಆಗಬಹುದು ಅನ್ನೋ ಆಸೆ. ತಡ ಆಗಲಿಲ್ಲ, ಹತ್ತೂ ಕಾಲಿಗೇ ಮುಟ್ಟಿಬಿಟ್ಟ, ಅವನ ಕಾಲೂ ಕೂಡ ಅಚ್ಚುಕಟ್ಟು.

ಅದೇ ಆಸ್ಪತ್ರೆ, ಅದೇ ಲಿಫ್ಟು. ಬೆಂಚಿಗೆ ಬಣ್ಣ ಬದಲಾಗಿ ಹಸಿರಾಗಿತ್ತು. ಅಕ್ಕ ಅದರ ಮೇಲೆ ಕೂತಿದ್ಲು, ತೊಡೆ ಮೇಲೆ ಫೈಲು, ಕತ್ತಿಗೊಂದು ದುಪಟ್ಟಾ ಸುತ್ತಿತ್ತು. ಅರವತ್ತಾರು ವಯಸ್ಸು, ಇವನನ್ನ ಕಂಡ್ರೆ ಈಗ್ಲೂ ಮರಿ ಅಂತಾಳೆ. ಪಕ್ಕಕ್ಕೆ ಸರಿದು ಜಾಗ ಮಾಡ್ಕೊಟ್ಲು. ಅವನು ಕೂತ, ಕೆನ್ನೆಯಿಂದ ಕೈ ತೆಗೆದ, ಮತ್ತೆ ಇಟ್ಕೊಂಡ, ಮತ್ತೆ ತೆಗೆದ. ಎಲ್ಲಾದಕ್ಕೂ ಯಾಕೆ ಒಪ್ಪಿಗೆ ಕೊಟ್ಟೆ ಅಂತ ಕೇಳ್ದ. ಕೇಳಬೇಕು ಅನ್ಕೊಂಡದ್ದು ಅದಲ್ಲ.

"ಒಪ್ಪಿಕೊಳ್ಳಿ, ಬೇಡ, ಬಹುಶಃ ಅಂತ ಮೂರಿತ್ತು ಕಣೋ. ಬೇಡ ಅಂದ್ರೆ ನೀನು ಬೇಜಾರು ಮಾಡ್ಕೋತೀಯ. ಬಹುಶಃ ಅನ್ನಕ್ಕೆ ನಂಗೇನು ಅನುಮಾನ ಇತ್ತಾ?"

ಅವನು ನೆಲ ನೋಡ್ದ. ಆ ಮೊದಲನೇ ಸಾಲು, ಅಂದ. ಹಲ್ಲು ಸಿಡೀತು, ಕೆನ್ನೆ ಹಿಡ್ಕೊಂಡ. ಅಕ್ಕ ಫೈಲಿನ ಅಂಚನ್ನ ಉಗುರಲ್ಲಿ ಸವರ್ತಾ ಲಿಫ್ಟಿನ ಬಾಗಿಲ ಕಡೆ ನೋಡ್ತಾ ಇದ್ಲು.

"ಅವತ್ತು ಬಿಸಿನೀರು ತಗೊಳ್ಳಕ್ಕೆ ಕೆಳಗೆ ಬಂದಿದ್ದೆ, ಫ್ಲಾಸ್ಕು ಹಿಡ್ಕೊಂಡು. ಬಾಗಿಲು ತೆಗೀತು. ನೀನು ಇಲ್ಲಿ ಕೂತಿದ್ದೆ. ನನ್ನ ನೋಡಲಿಲ್ಲ, ನನ್ನ ಕಾಲ ಹತ್ತಿರ ಹೊಸ್ತಿಲು ನೋಡ್ತಿದ್ದೆ."

"ಕರೀಬಾರದಿತ್ತಾ?"

"ಕರೀಬೇಕು ಅನ್ಕೊಂಡೆ. ಅಷ್ಟರಲ್ಲಿ ಬಾಗಿಲು ಹಾಕ್ಕೊಳ್ತು, ಹಾಗೇ ಮೇಲೆ ಹೋದೆ. ಆಮೇಲೆ ಲೆಕ್ಕ ಹಾಕ್ದೆ. ಒಳಗೆ ಮೂರು ಜನ ಸಿಕ್ಕಾಕೊಂಡಿದಾರೆ ಅಂದಿದ್ಯಲ್ಲ. ಅಮ್ಮ, ನಾನು, ನೀನು. ಸರಿಯಾಗೇ ಇತ್ತು."

ನಾಲ್ಕು ವರ್ಷ. ನಾಲ್ಕು ವರ್ಷದಿಂದ ಅವಳು ನೆಗಡಿಗೆ ಕಷಾಯ ಹೇಳಿದ್ಲು, ಸೊಂಟಕ್ಕೆ ಯಾವ ಎಣ್ಣೆ ಅಂತ ಹೇಳಿದ್ಲು, ಬಲಗಾಲು ಉಳುಕಿದಾಗ ಬಸ್ಸಲ್ಲಿ ಯಾರ ಕೈಲೋ ಒಂದು ಬ್ಯಾಂಡೇಜು ಕಳಿಸಿದ್ಲು. ಅವನು ಅದನ್ನ ಕಟ್ಕೊಂಡು ಫೋಟೋ ತೆಗೆದು ಅವಳಿಗೆ ಕಳಿಸಿದ್ದ. ಎಡಗಾಲಿಗೆ ಕಟ್ಟಿದ್ದ ಅನ್ನೋದು ಈಗ, ಈ ಹಸಿರು ಬೆಂಚಿನ ಮೇಲೆ, ನೆನಪಾಯ್ತು. ಅವಳು ಅದಕ್ಕೂ ಬೇಗ ವಾಸಿಯಾಗಲಿ ಅಂದಿದ್ಲು ಅಷ್ಟೇ. ತಾನು ಇಷ್ಟು ಕಷ್ಟಪಟ್ಟು ಕಟ್ಟಿದ ಸುಳ್ಳಿಗೆಲ್ಲ ಒಬ್ಬಳು ಒಳಗಿಂದ ಆಸರೆ ಕೊಟ್ಟು ನಿಲ್ಲಿಸ್ತಾ ಬಂದಿದ್ಲು, ಇವನು ಹೊರಗೆ ನಿಂತು ಎಂಥಾ ಗಟ್ಟಿ ಗೋಡೆ ಕಟ್ಟಿದೀನಿ ಅಂತ ಬೀಗಿದ್ದ. ಅಳು ಬರುತ್ತೆ ಅನ್ಕೊಂಡ. ಬಂದದ್ದು ಬಿಕ್ಕಳಿಕೆ.

ಲಿಫ್ಟು ಬಂತು. ಅಕ್ಕ ಎದ್ದು ದುಪಟ್ಟಾ ಸರಿ ಮಾಡ್ಕೊಂಡು ಒಳಗೆ ಹೋದ್ಲು, ಬಾಗಿಲು ಮುಚ್ಚದ ಹಾಗೆ ಅಂಗೈ ಅಡ್ಡ ಹಿಡಿದು ನಿಂತ್ಲು. ಫೈಲನ್ನ ಕಂಕುಳಲ್ಲಿ ಮಡಚಿಹೋಗೋ ಹಾಗೆ ಒತ್ಕೊಂಡಿದ್ಲು, ಅದನ್ನ ಅವನು ಆಗಲೇ ನೋಡಿದ್ದು. ಎದ್ದ. ಎಂಟು ಹೆಜ್ಜೆಲಿ ಏಳು ಹಾಕ್ದ. ಹೊಸ್ತಿಲ ಹತ್ತಿರ ಕಾಲು ನಿಂತ್ಬಿಡ್ತು. ಲಿಫ್ಟು ಈಗ್ಲೂ ತಗ್ಗಿಗೇ ನಿಂತಿತ್ತು, ಅರ್ಧ ಬೆರಳಿಗಿಂತ ಒಂದು ಕೂದಲು ಜಾಸ್ತಿನೇ. ಅವನ ಕೈ ತನ್ನಷ್ಟಕ್ಕೇ ಜೇಬಿಗೆ ಹೋಗಿ ಉಕ್ಕಿನ ಸ್ಕೇಲು ಹಿಡೀತು. ಬಗ್ಗಿದ್ರೆ ಆಯ್ತು, ಬಗ್ಗಿ ಅಳೆದ್ರೆ, ಅಳೆದು ಇದು ಸುರಕ್ಷಿತ ಅಲ್ಲ, ನೀನು ಹೋಗಿರು ನಾನು ಆಫೀಸಿಗೆ ಹೇಳಿ ಬರ್ತೀನಿ ಅಂದ್ರೆ, ಅದರಲ್ಲಿ ಒಂದಕ್ಷರವೂ ಸುಳ್ಳಲ್ಲ. ಇಷ್ಟು ವರ್ಷದಲ್ಲಿ ಮೊದಲನೇ ಸಲ, ಅಳೆದು ತೋರಿಸಬಹುದಾದ ಒಂದು ಅಪ್ಪಟ ನಿಜವಾದ ನೆಪ ಅವನ ಕಾಲಬುಡದಲ್ಲಿ ಬಿದ್ದಿತ್ತು. ಅಷ್ಟೊತ್ತಿಗೆ ಇನ್ನೊಂದು ಜೇಬಲ್ಲಿ ಫೋನು ಕಿರುಚಿಕೊಳ್ತು, ನಡುಗಿದ್ದಲ್ಲ, ಬಾಯಿಬಿಟ್ಟು ಗಂಟೆ ಬಾರಿಸ್ತು. ತೆಗೆದು ನೋಡ್ದ. ಅಕ್ಕನೂ ಒಳಗಿಂದಲೇ ಕತ್ತು ಚಾಚಿ, ಗಂಟಿದ್ದ ಕಡೆ ಕೈ ಇಟ್ಕೊಂಡು, ಓದಿದ್ಲು.

"ಜ್ಞಾಪನೆ: ಹಲ್ಲುನೋವು. ಇನ್ನು ಹತ್ತು ನಿಮಿಷದಲ್ಲಿ."

"ಇನ್ನೂ ಹತ್ತು ನಿಮಿಷ ಇದೆಯಲ್ಲೋ ಮರಿ," ಅಂದ್ಲು ಅಕ್ಕ. "ಅಷ್ಟರಲ್ಲಿ ಮೇಲೆ ಹೋಗಬಹುದು, ಬಾ."

ಅವನು ತಗ್ಗಿಗೆ ಕಾಲಿಟ್ಟ.